ಗಾಲ್ಫ್: ಚಿಪ್ಪಿಂಗ್‌ಗೆ ಕ್ಲಬ್‌ನ ಆಯ್ಕೆ

ಕುಳಿಯ ಸುತ್ತ ನಯವಾಗಿ ಹುಲ್ಲು ಕತ್ತರಿಸಿದ ಗ್ರೀನ್‌ನ ಹತ್ತಿರ ಬಂದು, ಇನ್ನೂ ಗ್ರೀನ್ ಏರದೆ ನಿಂತ ಚೆಂಡನ್ನು ತುಸುವೇ ಎತ್ತಿ, ಗ್ರೀನ್ ಮೇಲೆ ಬೀಳಿಸಿ, ಅಲ್ಲಿಂದ ಕುಳಿಯತ್ತ ಉರುಳಲು ಬಿಡುವ ಚಿಕ್ಕ ಹೊಡೆತಕ್ಕೆ ಗಾಲ್ಫ್‌ನಲ್ಲಿ ಚಿಪ್ ಎಂದು ಹೆಸರು. ಟೀಯಿಂದ ಹೊಡೆಯುವಾಗ ಕ್ರಮಿಸಬೇಕಾದ ದೂರವೇ ಕ್ಲಬ್ಬನ್ನು ಬಹುಮಟ್ಟಿಗೆ ಗೊತ್ತುಮಾಡುತ್ತದೆ. ಗ್ರೀನ್ ಮೇಲೆ ಬಂದರೆ ಕೈಗೆ ಬರುವುದು ಪಟರ್. ಗ್ರೀನ್‌ನ ಸುತ್ತಮುತ್ತ ಮಾತ್ರ ಒಂದೇ ಚೆಂಡನ್ನು ಪಟರ್, 7 ಐರನ್, ಸ್ಯಾಂಡ್ ವೆಜ್, ಫೇರ್‌ವೇ ವುಡ್ ಇವುಗಳಲ್ಲಿ ಯಾವುದರಿಂದ ಬೇಕಾದರೂ ಕುಳಿಯ ಹತ್ತಿರ ಕಳುಹಿಸಬಹುದು. ಹಾಗಾಗಿ ಚಿಪ್ಪಿಂಗ್‌ನಲ್ಲಿ ಕ್ಲಬ್‌ನ ಆಯ್ಕೆ ಹೊಡೆತಕ್ಕೆ ಮುಂಚಿನ ಸಿದ್ಧತೆಯಷ್ಟೇ ಅಲ್ಲ, ಹೊಡೆತದ ಅರ್ಧ ಭಾಗವೇ ಆಗಿದೆ.

ಈ ಆಯ್ಕೆಗೆ ಇಷ್ಟು ಮಹತ್ವ ಬರಲು ಕಾರಣ ಸರಳ. ವಿಶ್ವದ ಅತ್ಯುತ್ತಮ ವೃತ್ತಿಪರರು ಕೂಡ 18 ಕುಳಿಗಳ ಸುತ್ತಿನಲ್ಲಿ ನಿಗದಿತ ಹೊಡೆತಗಳೊಳಗೆ ಗ್ರೀನ್ ತಲುಪುವುದು ಸರಾಸರಿ ಮೂರನೇ ಎರಡು ಭಾಗದಷ್ಟು ಕುಳಿಗಳಲ್ಲಿ ಮಾತ್ರ. ಹವ್ಯಾಸಿಗಳ ಮಟ್ಟಿಗೆ ತಪ್ಪುವ ಗ್ರೀನ್‌ಗಳೇ ಹೆಚ್ಚು. ತಪ್ಪಿದ ಪ್ರತಿ ಗ್ರೀನ್‌ನ ಬಳಿಯೂ ಒಂದು ಚಿಪ್ ಅಥವಾ ಅದರ ಸಮೀಪದ ಹೊಡೆತ ಕಾದಿರುತ್ತದೆ. ಅದು ಕುಳಿಯ ಪಕ್ಕ ಬಂದು ನಿಂತರೆ ಒಂದೇ ಪಟ್ ಸಾಕು. ದೂರ ಉಳಿದರೆ ಎರಡೋ ಮೂರೋ ಬೇಕು. ತೋಳಿನ ಬಲವಿಲ್ಲದವರೂ ಎಳೆಯರೂ ವಯಸ್ಸಾದವರೂ ಬಲಿಷ್ಠರಿಗೆ ಸಮನಾಗಿ ಆಡಬಹುದಾದ ಜಾಗ ಇದೇ.

ಚಿಪ್ ಮತ್ತು ಅದರ ನೆರೆಯ ಹೊಡೆತಗಳು

ಗ್ರೀನ್ ಸುತ್ತಲಿನ ಹೊಡೆತಗಳನ್ನು ಚೆಂಡು ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆ, ನೆಲದ ಮೇಲೆ ಎಷ್ಟು ದೂರ ಉರುಳುತ್ತದೆ ಎಂಬ ಪ್ರಮಾಣದಿಂದ ವಿಂಗಡಿಸುತ್ತಾರೆ. ಹಾರಾಟ ಕಡಿಮೆಯಾಗಿ ಉರುಳು ಹೆಚ್ಚಾದರೆ ಅದು ಚಿಪ್. ಹಾರಾಟವೇ ಹೆಚ್ಚಾಗಿ ಉರುಳು ಕಡಿಮೆಯಾದರೆ ಪಿಚ್. ಕ್ಲಬ್‌ನ ಮುಖವನ್ನು ಆಕಾಶದ ಕಡೆ ಬಿಚ್ಚಿ, ಚೆಂಡನ್ನು ಎತ್ತರಕ್ಕೆ ಹಾರಿಸಿ, ಬಿದ್ದಲ್ಲೇ ನಿಲ್ಲುವಂತೆ ಆಡುವುದು ಫ್ಲಾಪ್ ಅಥವಾ ಲಾಬ್. ಗ್ರೀನ್‌ಗೆ ಬಹಳ ಮುಂಚೆಯೇ ಚೆಂಡನ್ನು ನೆಲಕ್ಕೆ ತಾಗಿಸಿ, ಪುಟಿದು ಓಡುವಂತೆ ಆಡುವುದು ಬಂಪ್ ಅಂಡ್ ರನ್. ಸ್ಕಾಟ್ಲೆಂಡಿನ ಕಡಲತೀರದ ಲಿಂಕ್ಸ್ ಮೈದಾನಗಳಲ್ಲಿ ಗಟ್ಟಿ ನೆಲ ಮತ್ತು ಬಿರುಗಾಳಿಯ ನಡುವೆ ರೂಢಿಯಾದ ಆಟ ಇದು. ಗ್ರೀನ್‌ನ ಹೊರಗಿನಿಂದ ಪಟರ್ ಬಳಸುವುದನ್ನು ಆಟಗಾರರು ಟೆಕ್ಸಸ್ ವೆಜ್ ಎನ್ನುತ್ತಾರೆ. ಈ ಹೊಡೆತಗಳ ನಡುವಿನ ಗಡಿಗಳು ಮಸುಕಾಗಿವೆ. ಒಂದೇ ಸ್ವಿಂಗಿನಲ್ಲಿ ಕ್ಲಬ್ ಬದಲಾದರೂ ಸಾಕು, ಚಿಪ್ ಪಿಚ್ ಆಗುತ್ತದೆ.

ಕ್ಲಬ್‌ನ ಗುಣಗಳು

ಆಯ್ಕೆಯಲ್ಲಿ ಮೊದಲು ಗಮನಿಸಬೇಕಾದದ್ದು ಲಾಫ್ಟ್, ಅಂದರೆ ಕ್ಲಬ್‌ನ ಮುಖ ಹಿಂದಕ್ಕೆ ವಾಲಿರುವ ಕೋನ. ಪಟರ್‌ಗೆ ಸಾಮಾನ್ಯವಾಗಿ 3ರಿಂದ 4 ಡಿಗ್ರಿ ಲಾಫ್ಟ್ ಇರುತ್ತದೆ. ಈಗಿನ 7 ಐರನ್‌ಗೆ ಸುಮಾರು 30ರಿಂದ 34, 9 ಐರನ್‌ಗೆ 40ರ ಆಸುಪಾಸು, ಪಿಚಿಂಗ್ ವೆಜ್‌ಗೆ 44ರಿಂದ 48, ಗ್ಯಾಪ್ ವೆಜ್‌ಗೆ 50ರಿಂದ 52, ಸ್ಯಾಂಡ್ ವೆಜ್‌ಗೆ 54ರಿಂದ 58, ಲಾಬ್ ವೆಜ್‌ಗೆ 60ರ ಆಸುಪಾಸು. ಹೆಚ್ಚು ದೂರ ಹೋಗಲಿ ಎಂದು ಇತ್ತೀಚಿನ ತಯಾರಕರು ಐರನ್‌ಗಳ ಲಾಫ್ಟ್ ಇಳಿಸುತ್ತ ಬಂದಿದ್ದಾರೆ. ಕೆಲವು ಸೆಟ್‌ಗಳ ಪಿಚಿಂಗ್ ವೆಜ್ ಹಳೆಯ 9 ಐರನ್‌ಗೆ ಸಮವಾಗಿದೆ. ಆದ್ದರಿಂದ ಕ್ಲಬ್ ಮೇಲೆ ಕೊರೆದ ಅಂಕಿಗಿಂತ ಅದರ ನಿಜವಾದ ಡಿಗ್ರಿಯನ್ನು ತಿಳಿದಿರುವುದು ಮೇಲು.

ಎರಡನೆಯದು ಬೌನ್ಸ್. ವೆಜ್‌ನ ತಳ ಮುಂದಂಚಿಗಿಂತ ಕೆಳಗೆ ಉಬ್ಬಿರುತ್ತದೆ. ಆ ಉಬ್ಬಿನ ಕೋನವೇ ಬೌನ್ಸ್. ಅದು ಕ್ಲಬ್ ನೆಲದೊಳಗೆ ಹೂತುಹೋಗದೆ ಜಾರುವಂತೆ ನೋಡಿಕೊಳ್ಳುತ್ತದೆ. 4ರಿಂದ 6 ಡಿಗ್ರಿ ಕಡಿಮೆ ಬೌನ್ಸ್, 7ರಿಂದ 10 ಮಧ್ಯಮ, ಅದಕ್ಕೂ ಮೇಲೆ ಹೆಚ್ಚು ಎಂಬುದು ಸ್ಥೂಲ ವಿಂಗಡಣೆ. ಮೆತ್ತಗಿನ ನೆಲ, ಸಡಿಲ ಮರಳು, ಸೊಂಪಾದ ಹುಲ್ಲಿಗೆ ಹೆಚ್ಚು ಬೌನ್ಸ್ ಹೊಂದುತ್ತದೆ. ಹುಲ್ಲಿಲ್ಲದ ಗಟ್ಟಿ ನೆಲದಲ್ಲಿ ಅದೇ ಬೌನ್ಸ್ ಪುಟಿದು, ಮುಂದಂಚು ಚೆಂಡಿನ ನಡುವಿಗೆ ಬಡಿಯುವ ಅಪಾಯವಿದೆ. ಅಲ್ಲಿ ಕಡಿಮೆ ಬೌನ್ಸಿನ ಕ್ಲಬ್ ಬೇಕು. ಕ್ಲಬ್‌ನ ಮುಖ ಬಿಚ್ಚಿದಷ್ಟೂ ಬೌನ್ಸ್ ಹೆಚ್ಚುತ್ತದೆ ಎಂಬುದನ್ನೂ ನೆನಪಿಡಬೇಕು.

ಮೂರನೆಯದು ಮುಖದ ಮೇಲಿನ ಗೀರುಗಳು. ಹುಲ್ಲಿನ ರಸ, ನೀರು, ಮಣ್ಣನ್ನು ಬದಿಗೆ ಸರಿಸಿ ಚೆಂಡಿಗೆ ಹಿಡಿತ ಕೊಡುವುದು ಇವುಗಳ ಕೆಲಸ. ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡರೆ ಬ್ಯಾಕ್‌ಸ್ಪಿನ್, ಅಂದರೆ ಚೆಂಡಿನ ಹಿಮ್ಮುಖ ತಿರುಗುವಿಕೆ, ಕಡಿಮೆಯಾಗಿ ಚೆಂಡು ಎಣಿಸಿದ್ದಕ್ಕಿಂತ ಹೆಚ್ಚು ಓಡುತ್ತದೆ. ಚೆಂಡಿನ ಹೊದಿಕೆಯೂ ಇಲ್ಲಿ ಪಾತ್ರ ವಹಿಸುತ್ತದೆ. ಯೂರಿಥೇನ್ ಹೊದಿಕೆಯ ಮೃದು ಚೆಂಡು ವೆಜ್‌ಗೆ ಸಿಕ್ಕಾಗ ಹೆಚ್ಚು ಸ್ಪಿನ್ ಪಡೆಯುತ್ತದೆ. ಅಗ್ಗದ ಗಟ್ಟಿ ಹೊದಿಕೆಯ ಚೆಂಡು ಹೆಚ್ಚು ಉರುಳುತ್ತದೆ. ತನ್ನ ಚಿಪ್ ಎಷ್ಟು ಓಡುತ್ತದೆ ಎಂದು ಲೆಕ್ಕ ಹಾಕುವವನು ಒಂದೇ ಬಗೆಯ ಚೆಂಡಿಗೆ ಅಂಟಿಕೊಳ್ಳುವುದು ಜಾಣತನ.

ಹಾರಾಟ ಮತ್ತು ಉರುಳಿನ ಲೆಕ್ಕ

ಕಡಿಮೆ ಲಾಫ್ಟಿನ ಕ್ಲಬ್ಬಿನಿಂದ ಹೊರಟ ಚೆಂಡು ತಗ್ಗಾಗಿ ಹಾರಿ, ಓರೆಯಾಗಿ ನೆಲ ಮುಟ್ಟುತ್ತದೆ. ಮುಂದಕ್ಕೆ ಸಾಗುವ ವೇಗ ಉಳಿದುಕೊಂಡು ಬಹಳ ದೂರ ಉರುಳುತ್ತದೆ. ಲಾಫ್ಟ್ ಹೆಚ್ಚಿದಂತೆ ಚೆಂಡು ಕಡಿದಾಗಿ ಬೀಳುತ್ತದೆ, ಬ್ಯಾಕ್‌ಸ್ಪಿನ್ ಕೂಡ ಹೆಚ್ಚುವುದರಿಂದ ಬೇಗ ನಿಲ್ಲುತ್ತದೆ. ಈ ಸಂಬಂಧವನ್ನು ಸುಲಭ ಲೆಕ್ಕಕ್ಕೆ ಇಳಿಸಿದ ಸೂತ್ರಕ್ಕೆ ಹನ್ನೆರಡರ ನಿಯಮ ಎನ್ನುತ್ತಾರೆ. ಕ್ಲಬ್‌ನ ಸಂಖ್ಯೆಯನ್ನು 12ರಿಂದ ಕಳೆದರೆ, ಒಂದು ಪಾಲು ಹಾರಾಟಕ್ಕೆ ಎಷ್ಟು ಪಾಲು ಉರುಳು ಸಿಗುತ್ತದೆ ಎಂಬ ಅಂದಾಜು ದೊರೆಯುತ್ತದೆ. 6 ಐರನ್‌ಗೆ ಆರು ಪಾಲು, 7 ಐರನ್‌ಗೆ ಐದು, 8ಕ್ಕೆ ನಾಲ್ಕು, 9ಕ್ಕೆ ಮೂರು. ಪಿಚಿಂಗ್ ವೆಜ್ಜನ್ನು 10 ಎಂದೂ ಸ್ಯಾಂಡ್ ವೆಜ್ಜನ್ನು 11 ಎಂದೂ ಎಣಿಸಿದರೆ ಕ್ರಮವಾಗಿ ಎರಡು ಮತ್ತು ಒಂದು ಪಾಲು.

ಒಂದು ಉದಾಹರಣೆ: ಚೆಂಡು ಗ್ರೀನ್‌ನ ಅಂಚಿನಿಂದ ಎರಡು ಹೆಜ್ಜೆ ಹೊರಗಿದೆ. ಅಂಚಿನಿಂದ ಒಂದು ಹೆಜ್ಜೆ ಒಳಗೆ ಬೀಳಿಸಬೇಕೆಂದರೆ ಹಾರಾಟ ಮೂರು ಹೆಜ್ಜೆ. ಅಲ್ಲಿಂದ ಕುಳಿಗೆ ಒಂಬತ್ತು ಹೆಜ್ಜೆ ಇದ್ದರೆ ಪ್ರಮಾಣ ಒಂದಕ್ಕೆ ಮೂರು, ಹಿಡಿಯಬೇಕಾದದ್ದು 9 ಐರನ್. ಕುಳಿ ಹದಿನೈದು ಹೆಜ್ಜೆ ದೂರವಿದ್ದರೆ 7 ಐರನ್. ಕುಳಿ ಮೂರೇ ಹೆಜ್ಜೆ ದೂರವಿದ್ದರೆ ಸ್ಯಾಂಡ್ ವೆಜ್. ಮೂರರಲ್ಲೂ ಚೆಂಡು ಬೀಳುವ ಜಾಗ ಒಂದೇ, ಸ್ವಿಂಗ್ ಕೂಡ ಹೆಚ್ಚುಕಡಿಮೆ ಒಂದೇ; ಬದಲಾಗುವುದು ಕ್ಲಬ್ ಮಾತ್ರ. ಈ ಪ್ರಮಾಣಗಳು ಸಮತಟ್ಟಾದ, ಮಧ್ಯಮ ವೇಗದ ಗ್ರೀನ್‌ಗೆ ಅನ್ವಯಿಸುತ್ತವೆ. ಉಳಿದೆಡೆ ಇವನ್ನು ಆಧಾರವಾಗಿಟ್ಟುಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಬೇಕು.

ಆಯ್ಕೆಯ ಕ್ರಮ

ಒಳ್ಳೆಯ ಆಟಗಾರರು ಚೀಲಕ್ಕೆ ಕೈ ಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ನೋಡುತ್ತಾರೆ. ಮೊದಲನೆಯದು ಚೆಂಡು ಹೇಗೆ ಕುಳಿತಿದೆ ಎಂಬುದು. ಆಟದ ಮಾತಿನಲ್ಲಿ ಇದಕ್ಕೆ ಲೈ ಎನ್ನುತ್ತಾರೆ. ಚಿಕ್ಕದಾಗಿ ಕತ್ತರಿಸಿದ ಹುಲ್ಲಿನ ಮೇಲೆ ಚೆಂಡು ಪೂರ್ತಿ ಕಾಣುವಂತಿದ್ದರೆ ಎಲ್ಲ ಕ್ಲಬ್‌ಗಳೂ ಆಯ್ಕೆಗೆ ತೆರೆದಿರುತ್ತವೆ. ರಫ್‌ನ ಉದ್ದ ಹುಲ್ಲಿನಲ್ಲಿ ಅರ್ಧ ಮುಳುಗಿದ್ದರೆ ಪಟರ್ ಮತ್ತು ನೇರ ಮುಖದ ಐರನ್‌ಗಳನ್ನು ಕೈಬಿಡಬೇಕು; ಹುಲ್ಲನ್ನು ಸೀಳಿ ಚೆಂಡನ್ನು ಮೇಲೆತ್ತಬಲ್ಲ, ತೂಕವೂ ಲಾಫ್ಟೂ ಇರುವ ವೆಜ್ ಬೇಕಾಗುತ್ತದೆ. ಬರಿನೆಲದ ಮೇಲೆ ಕೂತಿದ್ದರೆ ಪಟರ್, ಇಲ್ಲವೇ 8 ಅಥವಾ 9 ಐರನ್ ಕ್ಷೇಮ.

ಎರಡನೆಯದು ಚೆಂಡು ಬೀಳಬೇಕಾದ ಜಾಗ. ಗ್ರೀನ್‌ನ ಹೊರಗಿನ ಹುಲ್ಲು ಒಂದೇ ಸಮ ಇರುವುದಿಲ್ಲ, ಅಲ್ಲಿ ಪುಟಿಯುವ ಚೆಂಡು ಎತ್ತ ತಿರುಗುತ್ತದೆಂದು ಹೇಳಲಾಗದು. ಗ್ರೀನ್ ಮೇಲ್ಮೈ ನಯವಾಗಿರುವುದರಿಂದ ಮೊದಲ ಪುಟಿತ ಅಲ್ಲೇ ಆಗುವಂತೆ, ಅಂಚಿನಿಂದ ಒಂದು ಹೆಜ್ಜೆಯಷ್ಟು ಒಳಗಿನ ಸಮತಟ್ಟಾದ ಜಾಗವನ್ನು ಗುರುತಿಸುವುದು ವಾಡಿಕೆ. ಮೂರನೆಯದು ಆ ಜಾಗದಿಂದ ಕುಳಿಯವರೆಗಿನ ದೂರ. ಹಾರಾಟ ಮತ್ತು ಉರುಳು ಈ ಎರಡರ ಪ್ರಮಾಣ ತಿಳಿದರೆ ಕ್ಲಬ್ ತಾನಾಗಿಯೇ ಗೊತ್ತಾಗುತ್ತದೆ. ಕ್ಲಬ್ಬನ್ನು ಮೊದಲು ಹಿಡಿದು ಆಮೇಲೆ ಹೊಡೆತವನ್ನು ಯೋಚಿಸುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ನಾಲ್ಕನೆಯದು ಇಳಿಜಾರು ಮತ್ತು ಗ್ರೀನ್‌ನ ವೇಗ. ಏರುಮುಖವಾದ ಗ್ರೀನ್‌ಗೆ ಕಡಿಮೆ ಲಾಫ್ಟ್, ಇಳಿಮುಖವಾದದ್ದಕ್ಕೆ ಹೆಚ್ಚು ಲಾಫ್ಟ್. ಚೆಂಡು ನಿಂತ ನೆಲವೇ ಏರಾಗಿದ್ದರೆ ಕ್ಲಬ್‌ನ ಪರಿಣಾಮಕಾರಿ ಲಾಫ್ಟ್ ಹೆಚ್ಚುತ್ತದೆ, ಆದ್ದರಿಂದ ಒಂದು ಕ್ಲಬ್‌ನಷ್ಟು ಕಡಿಮೆ ಲಾಫ್ಟ್ ಸಾಕು. ನೆಲ ಇಳಿಜಾರಾಗಿದ್ದರೆ ಒಂದು ಕ್ಲಬ್‌ನಷ್ಟು ಹೆಚ್ಚು ಲಾಫ್ಟ್ ಬೇಕು. ಗ್ರೀನ್‌ನ ವೇಗವನ್ನು ಸ್ಟಿಂಪ್‌ಮೀಟರ್ ಎಂಬ ಸಾಧನದಿಂದ ಅಳೆಯುತ್ತಾರೆ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ ಇದನ್ನು ಅಮೆರಿಕದ ಗಾಲ್ಫ್ ಸಂಸ್ಥೆ 1970ರ ದಶಕದಲ್ಲಿ ಸುಧಾರಿಸಿ ಬಳಕೆಗೆ ತಂದಿತು. ತೋಡಿನಂಥ ಒಂದು ಪಟ್ಟಿಯಿಂದ ಜಾರಿಬಿಟ್ಟ ಚೆಂಡು ಗ್ರೀನ್ ಮೇಲೆ ಎಷ್ಟು ಅಡಿ ಉರುಳಿತು ಎಂಬುದೇ ಅಳತೆ. ಸಾಮಾನ್ಯ ಮೈದಾನಗಳ ಗ್ರೀನ್ 8ರಿಂದ 10 ಅಡಿ ತೋರಿಸಿದರೆ ದೊಡ್ಡ ಪಂದ್ಯಾವಳಿಗಳಲ್ಲಿ 12 ಅಡಿ ದಾಟುವುದುಂಟು. ಅಂಥ ಕಡೆ ಹನ್ನೆರಡರ ನಿಯಮ ಹೇಳುವುದಕ್ಕಿಂತ ಒಂದೆರಡು ಕ್ಲಬ್ ಹೆಚ್ಚು ಲಾಫ್ಟ್ ಬೇಕಾಗುತ್ತದೆ.

ಇವುಗಳ ಜೊತೆಗೆ ಹುಲ್ಲಿನ ಜಾತಿಯೂ ಎಣಿಕೆಗೆ ಬರುತ್ತದೆ. ತಂಪು ಪ್ರದೇಶಗಳ ಬೆಂಟ್ ಹುಲ್ಲಿನ ಮೇಲೆ ಚೆಂಡು ಸಮನಾಗಿ ಉರುಳುತ್ತದೆ. ಬಿಸಿ ನಾಡುಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಯದೇ. ಮೈದಾನಗಳಲ್ಲಿರುವುದು ಬಹುತೇಕ ಅದರ ಮಿಶ್ರತಳಿಗಳು. ಇದರ ಎಲೆಗಳು ಒಂದು ದಿಕ್ಕಿಗೆ ಒರಗಿ ಬೆಳೆಯುತ್ತವೆ. ಹುಲ್ಲು ಚೆಂಡಿನ ಹಿಂದಿನಿಂದ ಕ್ಲಬ್‌ಗೆ ಎದುರಾಗಿ ಒರಗಿದ್ದರೆ ವೆಜ್‌ನ ಚೂಪು ಮುಂದಂಚು ಸಿಕ್ಕಿಕೊಳ್ಳುತ್ತದೆ. ಅಲ್ಲಿ ತಳ ಅಗಲವಾದ ಹೈಬ್ರಿಡ್ (ವುಡ್ ಮತ್ತು ಐರನ್‌ಗಳ ನಡುವಿನ ಕ್ಲಬ್) ಅಥವಾ ಪಟರ್ ವೆಜ್‌ಗಿಂತ ನಂಬಿಕಸ್ಥ.

ಒಂದೊಂದು ಕ್ಲಬ್‌ನ ಸ್ಥಾನ

ಪಟರ್: ಗ್ರೀನ್‌ಗೂ ಚೆಂಡಿಗೂ ನಡುವಿನ ಹುಲ್ಲು ಚಿಕ್ಕದಾಗಿ, ಒಣಗಿ, ಸಮನಾಗಿದ್ದರೆ ಪಟರ್‌ಗಿಂತ ಸುರಕ್ಷಿತವಾದದ್ದಿಲ್ಲ. ಕೆಟ್ಟ ಪಟ್ ಕೂಡ ಕೆಟ್ಟ ಚಿಪ್‌ಗಿಂತ ಸಾಮಾನ್ಯವಾಗಿ ಕುಳಿಗೆ ಹತ್ತಿರ ನಿಲ್ಲುತ್ತದೆ. ದಾರಿಯ ಹುಲ್ಲು ಒದ್ದೆಯಾಗಿದ್ದರೆ ಅಥವಾ ಉದ್ದವಿದ್ದರೆ ಮಾತ್ರ ಚೆಂಡಿನ ವೇಗವನ್ನು ಅಂದಾಜು ಮಾಡುವುದು ಕಷ್ಟ.

ಹೈಬ್ರಿಡ್ ಮತ್ತು ಫೇರ್‌ವೇ ವುಡ್: ಪಟರ್‌ನಂತೆ ಹಿಡಿದು, ಪಟ್ ಮಾಡಿದಂತೆಯೇ ಬೀಸಿದರೆ ಚೆಂಡು ಒಂದು ಪುಟ್ಟ ನೆಗೆತ ನೆಗೆದು ಹುಲ್ಲನ್ನು ದಾಟಿ ಉರುಳತೊಡಗುತ್ತದೆ. ಗ್ರೀನ್‌ನ ಅಂಚಿನ ಹುಲ್ಲಿಗೆ ಚೆಂಡು ಒತ್ತಿಕೊಂಡು ನಿಂತಾಗ, ಅದನ್ನು ದಿಬ್ಬದ ಮೇಲಕ್ಕೆ ಏರಿಸಬೇಕಾದಾಗ ಇವು ಚೆನ್ನ. ಫೇರ್‌ವೇ ವುಡ್‌ನಿಂದ ಚಿಪ್ ಮಾಡುವುದನ್ನು 1990ರ ದಶಕದ ಉತ್ತರಾರ್ಧದಲ್ಲಿ ಟೈಗರ್ ವುಡ್ಸ್ ಜನಪ್ರಿಯಗೊಳಿಸಿದರು.

6ರಿಂದ 9 ಐರನ್: ಚೆಂಡು ಚೆನ್ನಾಗಿ ಕುಳಿತಿದ್ದು, ಕುಳಿ ದೂರವಿದ್ದು, ನಡುವೆ ಅಡ್ಡಿಯಿಲ್ಲದಾಗ ಇವೇ ಸಹಜ ಆಯ್ಕೆ. ಚಿಕ್ಕ ಸ್ವಿಂಗ್ ಸಾಕಾಗುವುದರಿಂದ ತಪ್ಪಿನ ಗಾತ್ರವೂ ಚಿಕ್ಕದು. ಹೊಸಬರಿಗೆ ಚಿಪ್ಪಿಂಗ್ ಕಲಿಸುವ ಶಿಕ್ಷಕರಲ್ಲಿ ಅನೇಕರು ಇವುಗಳಿಂದಲೇ ಆರಂಭಿಸುತ್ತಾರೆ.

ಪಿಚಿಂಗ್ ವೆಜ್ ಮತ್ತು ಗ್ಯಾಪ್ ವೆಜ್: ಹಾರಾಟಕ್ಕೂ ಉರುಳಿಗೂ ಸಮತೋಲ ಬೇಕಾದಲ್ಲಿ, ಅಂದರೆ ಗ್ರೀನ್‌ನಿಂದ ನಾಲ್ಕಾರು ಹೆಜ್ಜೆ ಹೊರಗೆ ನಿಂತು ಮಧ್ಯಮ ದೂರದ ಕುಳಿಗೆ ಆಡುವಾಗ ಇವು ಒದಗುತ್ತವೆ.

ಸ್ಯಾಂಡ್ ವೆಜ್: ಮರಳಿನ ಗುಂಡಿಗೆ, ಅಂದರೆ ಬಂಕರ್‌ಗೆಂದೇ ಹುಟ್ಟಿದರೂ ರಫ್‌ನಿಂದ ಆಡುವ ಚಿಪ್‌ಗೆ, ಕುಳಿ ಹತ್ತಿರವಿರುವ ಸಂದರ್ಭಕ್ಕೆ ಇದು ತಕ್ಕದ್ದು. ಇದರ ಬೌನ್ಸ್ ಸ್ವಲ್ಪ ಹಿಂದೆ ತಾಗಿದ ಹೊಡೆತವನ್ನೂ ಉಳಿಸಿಕೊಡುತ್ತದೆ.

ಲಾಬ್ ವೆಜ್: ನಡುವೆ ಬಂಕರ್ ಇದ್ದು ಅದರಾಚೆಗೇ ಕುಳಿಯಿದ್ದಾಗ, ಇಳಿಮುಖವಾದ ವೇಗದ ಗ್ರೀನ್ ಮೇಲೆ ಚೆಂಡನ್ನು ಬೇಗ ನಿಲ್ಲಿಸಬೇಕಾದಾಗ ಇದಕ್ಕೆ ಪರ್ಯಾಯವಿಲ್ಲ. ಆದರೆ ಅಷ್ಟೇ ದೂರಕ್ಕೆ ಇದು ಬಹಳ ದೊಡ್ಡ ಸ್ವಿಂಗ್ ಕೇಳುತ್ತದೆ. ಒಂದಿಷ್ಟು ಮೇಲೆ ತಾಗಿದರೆ ಚೆಂಡು ಗ್ರೀನ್ ದಾಟಿ ಹೋಗುತ್ತದೆ, ಒಂದಿಷ್ಟು ಕೆಳಗೆ ತಾಗಿದರೆ ನಿಂತಲ್ಲೇ ನಿಲ್ಲುತ್ತದೆ. ನಿತ್ಯ ಅಭ್ಯಾಸ ಮಾಡುವವರ ಕೈಗೆ ಮಾತ್ರ ಒಗ್ಗುವ ಕ್ಲಬ್ ಇದು.

ಚಿಪ್ಪರ್: ಸುಮಾರು 7 ಅಥವಾ 8 ಐರನ್‌ನ ಲಾಫ್ಟ್, ಪಟರ್‌ನಷ್ಟು ಗಿಡ್ಡ ಕೋಲು ಇರುವ ವಿಶೇಷ ಕ್ಲಬ್. ಹಳೆಯ ಕಾಲದ ಜಿಗರ್ ಎಂಬ ಕ್ಲಬ್‌ನ ವಂಶದ್ದು. ಚಿಪ್ ಮಾಡಲು ಹೆದರುವವರಿಗೆ ಇದು ನಿಜಕ್ಕೂ ಸಹಾಯಕ.

ಎರಡು ಪಂಥಗಳು

ಒಂದೇ ಕ್ಲಬ್ಬನ್ನು ಎಲ್ಲ ಚಿಪ್‌ಗಳಿಗೂ ಬಳಸಬೇಕೇ, ಸಂದರ್ಭಕ್ಕೆ ತಕ್ಕಂತೆ ಬದಲಿಸಬೇಕೇ ಎಂಬುದು ಗಾಲ್ಫ್ ಶಿಕ್ಷಣದ ಹಳೆಯ ಚರ್ಚೆ. ಒಂದೇ ಕ್ಲಬ್‌ನ ಪಂಥದವರ ವಾದ ಹೀಗಿದೆ: ಒಂದು ವೆಜ್‌ನ ತೂಕ, ತಳ, ಸದ್ದು ಕೈಗೆ ಪೂರ್ತಿ ಪರಿಚಯವಾದರೆ ಚೆಂಡನ್ನು ಸ್ವಲ್ಪ ಹಿಂದಿಟ್ಟು ತಗ್ಗಾಗಿಯೂ, ಮುಂದಿಟ್ಟು ಎತ್ತರವಾಗಿಯೂ ಆಡಬಹುದು, ಹತ್ತು ಕ್ಲಬ್‌ಗಳ ವರ್ತನೆ ಕಲಿಯುವುದಕ್ಕಿಂತ ಒಂದನ್ನು ಆಳವಾಗಿ ಅರಿಯುವುದು ಲೇಸು. ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಬಾಲ್ಯದಲ್ಲಿ ಪೆಡ್ರೆನಾದ ಕಡಲತೀರದಲ್ಲಿ ಒಂದು ಹಳೆಯ 3 ಐರನ್‌ನಿಂದಲೇ ಎಲ್ಲ ಬಗೆಯ ಹೊಡೆತಗಳನ್ನು ಕಲಿತದ್ದನ್ನು ಈ ಪಂಥದವರು ನೆನೆಯುತ್ತಾರೆ.

ಹಲವು ಕ್ಲಬ್‌ಗಳ ಪಂಥದವರ ಉತ್ತರ: ಸ್ವಿಂಗ್ ಬದಲಿಸುವುದಕ್ಕಿಂತ ಕ್ಲಬ್ ಬದಲಿಸುವುದು ಸುಲಭ. 1934 ಮತ್ತು 1938ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಗೆದ್ದ ಅಮೆರಿಕದ ಪಾಲ್ ರನ್ಯನ್ ಈ ಪಂಥದ ದೊಡ್ಡ ಹೆಸರು. ಹೊಡೆತದ ದೂರದಲ್ಲಿ ಸಮಕಾಲೀನರಿಗಿಂತ ಬಹಳ ಹಿಂದಿದ್ದ ಅವರು 1938ರ ಫೈನಲ್‌ನಲ್ಲಿ ಬಲಾಢ್ಯ ಸ್ಯಾಮ್ ಸ್ನೀಡ್‌ರನ್ನು ಏಳು ಕುಳಿ ಉಳಿದಿರುವಾಗಲೇ ಎಂಟರ ಅಂತರದಿಂದ ಸೋಲಿಸಿದರು. ಕ್ಲಬ್‌ನ ಹಿಮ್ಮಡಿಯನ್ನು ಎತ್ತಿ ಹಿಡಿದು, ಪಟ್‌ನಂತೆಯೇ ಬೀಸಿ ಚಿಪ್ ಮಾಡುವುದು ಅವರ ಕ್ರಮ. ಟೆಕ್ಸಸ್‌ನ ಹಾರ್ವಿ ಪೆನಿಕ್ ಕೂಡ, ಚೆಂಡನ್ನು ಗ್ರೀನ್‌ಗೆ ಮುಟ್ಟಿಸಬಲ್ಲ ಕ್ಲಬ್‌ಗಳಲ್ಲಿ ಅತಿ ನೇರ ಮುಖದ್ದನ್ನೇ ಹಿಡಿಯುವಂತೆ ಶಿಷ್ಯರಿಗೆ ಹೇಳುತ್ತಿದ್ದರು. ಟಾಮ್ ಕೈಟ್ ಮತ್ತು ಬೆನ್ ಕ್ರೆನ್‌ಷಾ ಅವರ ಶಿಷ್ಯರು.

ವಾರಕ್ಕೊಮ್ಮೆ ಆಡುವ ಹವ್ಯಾಸಿಗೆ ಎರಡನೆಯ ಪಂಥದ ದಾರಿಯೇ ಹೆಚ್ಚು ಹಿತ. ಚಿಕ್ಕ ಚೆಂಡನ್ನು ಕೈಯಿಂದ ಕುಳಿಯ ಬಳಿ ಕಳುಹಿಸಲು ಹೇಳಿದರೆ ಯಾರಾದರೂ ಗೋಲಿಯಂತೆ ನೆಲಕ್ಕೆ ಉರುಳಿಬಿಡುತ್ತಾರೆ, ಮೇಲಕ್ಕೆ ಎಸೆಯುವುದಿಲ್ಲ. ಕ್ಲಬ್‌ನ ಆಯ್ಕೆಯೂ ಆ ಸಹಜ ಬುದ್ಧಿಯನ್ನೇ ಅನುಸರಿಸಬೇಕು.

ಇತಿಹಾಸ

ಅಂಕಿಗಳು ಬರುವ ಮುನ್ನ ಐರನ್‌ಗಳಿಗೆ ಹೆಸರುಗಳಿದ್ದವು. ಗ್ರೀನ್ ಬಳಿಯ ಆಟಕ್ಕೆ ಮ್ಯಾಷಿ, ನಿಬ್ಲಿಕ್, ಜಿಗರ್‌ಗಳು ಬಳಕೆಯಲ್ಲಿದ್ದವು. ಮರದ ಕೋಲುಗಳ ಜಾಗಕ್ಕೆ ಉಕ್ಕಿನ ಕೋಲುಗಳು ಬಂದು, ಒಂದೇ ಅಚ್ಚಿನ ಸೆಟ್‌ಗಳು ಮಾರಾಟವಾಗತೊಡಗಿದ ಮೇಲೆ ಅಂಕಿಗಳು ರೂಢಿಗೆ ಬಂದವು. ಆ ಕಾಲದಲ್ಲಿ ಕೆಲವರು ಇಪ್ಪತ್ತಕ್ಕೂ ಹೆಚ್ಚು ಕ್ಲಬ್ ಹೊರಿಸಿಕೊಂಡು ಹೋಗುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿ, ಸ್ಕಾಟ್ಲೆಂಡಿನ ಆರ್ ಅಂಡ್ ಎ 1939ರಲ್ಲಿ 14 ಕ್ಲಬ್‌ಗಳ ಮಿತಿಯನ್ನು ಜಾರಿಗೆ ತಂದವು. ಚಿಪ್ಪಿಂಗ್‌ಗೆ ಎಷ್ಟು ವೆಜ್ ಒಯ್ಯಬೇಕು ಎಂಬ ಪ್ರಶ್ನೆ ಹುಟ್ಟಿದ್ದೇ ಆಗ. ಒಂದು ವೆಜ್ ಸೇರಿಸಿದರೆ ಬೇರೊಂದು ಕ್ಲಬ್ಬನ್ನು ಮನೆಯಲ್ಲಿ ಬಿಡಬೇಕು.

ಇಂದಿನ ಸ್ಯಾಂಡ್ ವೆಜ್‌ನ ರೂಪಕ್ಕೆ ಜೀನ್ ಸಾರಜೆನ್ ಕಾರಣರೆಂದು ಮನ್ನಣೆಯಿದೆ. ಅವರು ನಿಬ್ಲಿಕ್‌ನ ತಳಕ್ಕೆ ಬೆಸುಗೆ ಹಾಕಿ ಉಬ್ಬು ಕೂಡಿಸಿ, 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ಬಳಸಿ ಗೆದ್ದರು. 60 ಡಿಗ್ರಿಯ ಲಾಬ್ ವೆಜ್ ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ನಾಸಾದ ಮಾಜಿ ವಿಜ್ಞಾನಿ, ಚಿಕ್ಕ ಹೊಡೆತಗಳ ಸಂಶೋಧಕ ಡೇವ್ ಪೆಲ್ಜ್ ಅದನ್ನು ಪ್ರತಿಪಾದಿಸಿದರು. ಟಾಮ್ ಕೈಟ್ ಮೊದಲು ಅಳವಡಿಸಿಕೊಂಡವರಲ್ಲಿ ಒಬ್ಬರು. ರಫ್‌ನಿಂದಲೂ ವಿಪರೀತ ಸ್ಪಿನ್ ಸಿಗುತ್ತಿದ್ದುದನ್ನು ತಗ್ಗಿಸಲು 2010ರಿಂದ ವೃತ್ತಿಪರ ಪಂದ್ಯಾವಳಿಗಳಲ್ಲಿ ಗೀರುಗಳ ಅಳತೆ ಮತ್ತು ಅಂಚಿನ ಚೂಪಿಗೆ ಮಿತಿ ಹಾಕಲಾಯಿತು.

ಪ್ರಸಿದ್ಧ ನಿದರ್ಶನಗಳು

1976ರ ಓಪನ್‌ನ ಕೊನೆಯ ಕುಳಿ, ರಾಯಲ್ ಬರ್ಕ್‌ಡೇಲ್. 19 ವರ್ಷದ ಬ್ಯಾಲೆಸ್ಟರೋಸ್ ಮತ್ತು ಕುಳಿಯ ನಡುವೆ ಎರಡು ಬಂಕರ್‌ಗಳಿದ್ದವು. ಅವುಗಳ ಮೇಲಿಂದ ವೆಜ್‌ನಲ್ಲಿ ಹಾರಿಸುವುದನ್ನು ಬಿಟ್ಟು, ಅವುಗಳ ನಡುವಿನ ಕಿರಿದಾದ ದಾರಿಯಲ್ಲಿ ಅವರು 9 ಐರನ್‌ನಿಂದ ಚೆಂಡನ್ನು ಓಡಿಸಿ ಕುಳಿಯ ಹತ್ತಿರ ನಿಲ್ಲಿಸಿದರು. ಜ್ಯಾಕ್ ನಿಕ್ಲಾಸ್ ಜೊತೆ ಎರಡನೆಯ ಸ್ಥಾನ ಹಂಚಿಕೊಂಡರು. ಗಟ್ಟಿ ನೆಲ, ಬೇಸಗೆಯ ಒಣಹುಲ್ಲು, ತಗ್ಗು ಹೊಡೆತ ಮೂರೂ ಒಂದಕ್ಕೊಂದು ಹೊಂದಿದ ಆಯ್ಕೆ ಅದು.

1982ರ ಯು.ಎಸ್. ಓಪನ್‌ನಲ್ಲಿ ಪೆಬಲ್ ಬೀಚ್‌ನ 17ನೇ ಕುಳಿಯ ಬಳಿ ಟಾಮ್ ವಾಟ್ಸನ್ ಎದುರಿಸಿದ್ದು ಇದಕ್ಕೆ ತದ್ವಿರುದ್ಧ ಸ್ಥಿತಿ. ಚೆಂಡು ಎತ್ತರದ ರಫ್‌ನಲ್ಲಿತ್ತು, ಕುಳಿ ಹತ್ತಿರವಿತ್ತು, ಗ್ರೀನ್ ಇಳಿಮುಖವಾಗಿತ್ತು. ಅವರು ಸ್ಯಾಂಡ್ ವೆಜ್‌ನ ಮುಖ ಬಿಚ್ಚಿ ಆಡಿದ ಚೆಂಡು ನೇರ ಕುಳಿಗೇ ಇಳಿಯಿತು. ನಿಕ್ಲಾಸ್‌ರನ್ನು ಹಿಂದಿಕ್ಕಿ ಪ್ರಶಸ್ತಿ ಗೆದ್ದರು. ಹತ್ತು ವರ್ಷಗಳ ನಂತರ ಅದೇ ಮೈದಾನದ 7ನೇ ಕುಳಿಯಲ್ಲಿ, ಬಿರುಗಾಳಿಯ ಕೊನೆಯ ದಿನ, ಟಾಮ್ ಕೈಟ್ ಗ್ರೀನ್ ಹೊರಗಿನಿಂದ ಲಾಬ್ ವೆಜ್‌ನಲ್ಲಿ ಚೆಂಡನ್ನು ಕುಳಿಗೆ ಹಾಕಿ 1992ರ ಯು.ಎಸ್. ಓಪನ್ ಗೆದ್ದರು. 1987ರ ಮಾಸ್ಟರ್ಸ್‌ನ ಪ್ಲೇಆಫ್‌ನಲ್ಲಿ ಲ್ಯಾರಿ ಮೈಜ್ ಸುಮಾರು 140 ಅಡಿ ದೂರದಿಂದ ಚೆಂಡನ್ನು ಗ್ರೀನ್‌ಗೆ ಮುಂಚೆಯೇ ಪುಟಿಸಿ, ಓಡಿಸಿ, ಕುಳಿ ಸೇರಿಸಿ ಗ್ರೆಗ್ ನಾರ್ಮನ್‌ರನ್ನು ಸೋಲಿಸಿದರು.

ಲಾಫ್ಟ್ ಕಡಿಮೆ ಇರುವ ಕ್ಲಬ್‌ಗಳ ಪರ ಇನ್ನೆರಡು ಬಲವಾದ ಸಾಕ್ಷ್ಯಗಳಿವೆ. 2004ರಲ್ಲಿ ರಾಯಲ್ ಟ್ರೂನ್‌ನ ಓಪನ್ ಪ್ಲೇಆಫ್‌ನ ಕೊನೆಯ ಕುಳಿಯಲ್ಲಿ ಟಾಡ್ ಹ್ಯಾಮಿಲ್ಟನ್ ಗ್ರೀನ್‌ನ ಮುಂದಿನಿಂದ ಹೈಬ್ರಿಡ್‌ನಲ್ಲಿ ಚೆಂಡನ್ನು ಉರುಳಿಸಿ, ಕುಳಿಯ ಪಕ್ಕ ನಿಲ್ಲಿಸಿ ಅರ್ನಿ ಎಲ್ಸ್‌ರನ್ನು ಸೋಲಿಸಿದರು. 2014ರ ಯು.ಎಸ್. ಓಪನ್ ನಡೆದ ಪೈನ್‌ಹರ್ಸ್ಟ್‌ನ 2ನೇ ಕೋರ್ಸ್‌ನ ಗ್ರೀನ್‌ಗಳು ನಡುವೆ ಉಬ್ಬಿ ಸುತ್ತಲೂ ಇಳಿಯುತ್ತವೆ. ಸುತ್ತಲಿನ ಹುಲ್ಲು ಚಿಕ್ಕದಾಗಿ ಕತ್ತರಿಸಿದ್ದು. ಅಲ್ಲಿ ಜರ್ಮನಿಯ ಮಾರ್ಟಿನ್ ಕೈಮರ್ ಗ್ರೀನ್ ತಪ್ಪಿದಾಗಲೆಲ್ಲ ಹೆಚ್ಚಾಗಿ ಪಟರ್ ಹಿಡಿದರು, ಎಂಟು ಹೊಡೆತಗಳ ಅಂತರದಿಂದ ಗೆದ್ದರು.

ನಿಯಮಗಳು

ಗ್ರೀನ್‌ನ ಹೊರಗೆ ಯಾವ ಕ್ಲಬ್ಬನ್ನಾದರೂ ಬಳಸಬಹುದು. ಗ್ರೀನ್ ಮೇಲೆ ವೆಜ್ ಬಳಸುವುದಕ್ಕೂ ನಿಯಮದ ಅಡ್ಡಿಯಿಲ್ಲ. ಆದರೆ ಚೆಂಡನ್ನು ಕ್ಲಬ್‌ನಿಂದ ಹೊಡೆಯಬೇಕೇ ಹೊರತು ತಳ್ಳುವುದಾಗಲಿ ಬಾಚುವುದಾಗಲಿ ಸಲ್ಲದು. 10 ಡಿಗ್ರಿಗಿಂತ ಹೆಚ್ಚು ಲಾಫ್ಟ್ ಇರುವ ಕ್ಲಬ್ ಪಟರ್ ಎನಿಸದು, ಆದ್ದರಿಂದ ಚಿಪ್ಪರ್ ಅನ್ನು ಐರನ್ ಎಂದೇ ಪರಿಗಣಿಸುತ್ತಾರೆ. ಅದಕ್ಕೆ ಎರಡೂ ಬದಿ ಹೊಡೆಯುವ ಮುಖ ಇರುವಂತಿಲ್ಲ.

ಕ್ಲಬ್‌ನ ಆಯ್ಕೆಯನ್ನು ಆಟಗಾರ ಸ್ವತಃ ಮಾಡಬೇಕು. ಸಲಹೆಗೆ ತನ್ನ ಕ್ಯಾಡಿಯನ್ನು, ಜೋಡಿ ಆಟವಾದರೆ ಜೊತೆಗಾರನನ್ನು ಕೇಳಬಹುದು. ಎದುರಾಳಿ ಯಾವ ಕ್ಲಬ್ ಬಳಸಿದನೆಂದು ಹೊಡೆತಕ್ಕೆ ಮುಂಚೆ ಅವನನ್ನು ಕೇಳಿದರೆ, ಅಥವಾ ಅದನ್ನು ತಿಳಿಯಲು ಅವನ ಚೀಲ ಮುಟ್ಟಿದರೆ ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಹೊಡೆತಗಳ ದಂಡ. ದೂರದಿಂದ ನೋಡಿ ತಿಳಿಯುವುದಕ್ಕೆ ತಡೆಯಿಲ್ಲ. ಗ್ರೀನ್ ಮೇಲಿನ ಮರಳನ್ನು ಒರೆಸಬಹುದು, ಅದರ ಅಂಚಿನಾಚೆಯ ಹುಲ್ಲಿನ, ಅಂದರೆ ಫ್ರಿಂಜ್‌ನ, ಮೇಲಿನ ಮರಳನ್ನು ಒರೆಸುವಂತಿಲ್ಲ. ದಾರಿಯಲ್ಲಿ ಮರಳು ಚೆಲ್ಲಿದ್ದರೆ ಪಟರ್ ಬಿಟ್ಟು ಹಾರಿಸುವ ಕ್ಲಬ್ ಹಿಡಿಯುವುದು ಇದಕ್ಕಾಗಿಯೇ.

ಒಂದೇ ಬೀಸಿನಲ್ಲಿ ಚೆಂಡಿಗೆ ಎರಡು ಬಾರಿ ಕ್ಲಬ್ ತಾಗಿದರೆ ಹಿಂದೆ ದಂಡವಿತ್ತು. 1985ರ ಯು.ಎಸ್. ಓಪನ್‌ನ ಕೊನೆಯ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದ ತೈವಾನಿನ ಟಿ. ಸಿ. ಚೆನ್ 5ನೇ ಕುಳಿಯ ಬಳಿ ರಫ್‌ನಿಂದ ಆಡುವಾಗ ಹೀಗಾಗಿ, ಆ ಕುಳಿಗೆ 8 ಹೊಡೆತ ಬರೆಸಿ, ಕೊನೆಗೆ ಒಂದೇ ಹೊಡೆತದಿಂದ ಪ್ರಶಸ್ತಿ ಕಳೆದುಕೊಂಡರು. 2019ರ ಪರಿಷ್ಕೃತ ನಿಯಮಗಳು ಈ ದಂಡವನ್ನು ತೆಗೆದುಹಾಕಿವೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಗಾಲ್ಫ್ 1829ರಲ್ಲಿ ಸ್ಥಾಪನೆಯಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಷ್ಟು ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಬೆಂಗಳೂರಿನ ಮೈದಾನದಲ್ಲಿ 2012ರ ಇಂಡಿಯನ್ ಓಪನ್ ನಡೆಯಿತು. ಕ್ಯಾಡಿಗಳಾಗಿ ಕ್ಲಬ್ ಹೊರುತ್ತ, ಸಿಕ್ಕ ಒಂದೆರಡು ಕ್ಲಬ್‌ಗಳಲ್ಲೇ ಆಟ ಕಲಿತು ವೃತ್ತಿಪರರಾದವರು ಭಾರತದಲ್ಲಿ ಹಲವರಿದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದದ್ದು ಈ ನಾಡಿನ ಗಾಲ್ಫ್‌ನ ಹೆಮ್ಮೆಯ ಘಟನೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅದಿತಿ ಅಶೋಕ್, ಹೊಡೆತದ ದೂರದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದರೂ ಗ್ರೀನ್ ಮೇಲಿನ ಮತ್ತು ಸುತ್ತಲಿನ ಆಟದ ಬಲದಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ.

ಇಲ್ಲಿನ ಹವೆಗೆ ತಕ್ಕಂತೆ ಆಯ್ಕೆಯೂ ಬದಲಾಗಬೇಕು. ಬೇಸಗೆಯಲ್ಲಿ ಹುಲ್ಲು ತೆಳುವಾಗಿ ಕೆಂಪು ನೆಲ ಬಿರುಸಾದಾಗ ಪಟರ್, 8 ಐರನ್ ಅಥವಾ ಕಡಿಮೆ ಬೌನ್ಸಿನ ವೆಜ್ ಹೊಂದುತ್ತದೆ. ಮಳೆಗಾಲದಲ್ಲಿ ನೆಲ ಮೆತ್ತಗಾಗಿ ಹುಲ್ಲು ದಟ್ಟವಾದಾಗ ಹೆಚ್ಚು ಬೌನ್ಸಿನ ಸ್ಯಾಂಡ್ ವೆಜ್ ಕೆಲಸಕ್ಕೆ ಬರುತ್ತದೆ. ಒದ್ದೆ ಗ್ರೀನ್ ಮೇಲೆ ಉರುಳು ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಭ್ಯಾಸ ಮತ್ತು ಮೌಲ್ಯಮಾಪನ

ವೃತ್ತಿಪರ ಆಟದಲ್ಲಿ ಗ್ರೀನ್‌ನ ಅಂಚಿನಿಂದ 30 ಗಜದೊಳಗಿನ ಹೊಡೆತಗಳನ್ನು ಪ್ರತ್ಯೇಕವಾಗಿ ಅಳೆದು ಆಟಗಾರರ ಸಾಮರ್ಥ್ಯವನ್ನು ಹೋಲಿಸುವ ಪದ್ಧತಿಯಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಇದರ ಮೂಲ ಲೆಕ್ಕಾಚಾರವನ್ನು ರೂಪಿಸಿದರು. ಸಾಮಾನ್ಯ ಆಟಗಾರನಿಗೆ ಅಷ್ಟು ಉಪಕರಣ ಬೇಕಿಲ್ಲ. ಅಭ್ಯಾಸದ ಗ್ರೀನ್‌ನಲ್ಲಿ ಒಂದು ಟವಲ್ ಹಾಸಿ, ಒಂದೇ ಜಾಗದಿಂದ 7 ಐರನ್, 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್‌ಗಳಲ್ಲಿ ಚೆಂಡನ್ನು ಅದರ ಮೇಲೆ ಬೀಳಿಸಿ, ಪ್ರತಿಯೊಂದೂ ಎಷ್ಟು ಹೆಜ್ಜೆ ಉರುಳಿತು ಎಂದು ಬರೆದಿಟ್ಟುಕೊಂಡರೆ ತನ್ನದೇ ಕೋಷ್ಟಕ ಸಿದ್ಧವಾಗುತ್ತದೆ. ಪುಸ್ತಕದ ಪ್ರಮಾಣಗಳಿಗಿಂತ ಈ ಕೋಷ್ಟಕವೇ ಹೆಚ್ಚು ನಂಬಿಕೆಗೆ ಅರ್ಹ.

ಒಟ್ಟಿನಲ್ಲಿ ಅನುಭವಿಗಳ ತೀರ್ಪು ಸ್ಪಷ್ಟವಾಗಿದೆ. ಪಟರ್ ಸಾಧ್ಯವಿದ್ದಲ್ಲಿ ಪಟರ್. ಸಾಧ್ಯವಿಲ್ಲದಲ್ಲಿ ಚೆಂಡನ್ನು ಗ್ರೀನ್‌ನ ಒಳಗೆ ಬೀಳಿಸಿ ಉರುಳಿಸಬಲ್ಲ, ಲಾಫ್ಟ್ ಅತಿ ಕಡಿಮೆ ಇರುವ ಕ್ಲಬ್. ಎರಡೂ ಆಗದಿದ್ದಾಗ ಮಾತ್ರ ಎತ್ತರಕ್ಕೆ ಹಾರಿಸುವ ವೆಜ್. ಈ ಕ್ರಮವನ್ನು ಪಾಲಿಸುವ ಆಟಗಾರ ಹೊಸ ಸ್ವಿಂಗ್ ಕಲಿಯದೆ, ಹೊಸ ಕ್ಲಬ್ ಕೊಳ್ಳದೆ ತನ್ನ ಸ್ಕೋರನ್ನು ಇಳಿಸಿಕೊಳ್ಳಬಲ್ಲ.